ಜರ್ಮನ್ನರು ಬಾರದ ಹರಾಜು

1914ರ ಆಗಸ್ಟ್‌ನಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಅದರ ಬಿಸಿ ಮೈಸೂರು ಸಂಸ್ಥಾನಕ್ಕೆ ಬೇಗನೆ ತಟ್ಟಿದ ಜಾಗಗಳಲ್ಲಿ ಗಂಧದ ಕೋಠಿಗಳೂ ಒಂದು. ಕಾಡಿನಿಂದಲೂ ಬೇಲಿಗಳಿಂದಲೂ ಬೇರು ಸಮೇತ ಕಿತ್ತು ತಂದ ಮರವನ್ನು ಕೋಠಿಯಲ್ಲಿ ಕೆತ್ತಿ, ತೂಗಿ, ದರ್ಜೆವಾರು ರಾಶಿ ಹಾಕಿ ಹರಾಜಿಗೆ ಇಡುವುದು ವರ್ಷಾವರ್ಷದ ಪದ್ಧತಿ. ಕೂಗುವವರಲ್ಲಿ ದೊಡ್ಡ ಕುಳವೆಂದರೆ ಜರ್ಮನ್ನರು. ಇಲ್ಲಿನ ಗಂಧ ಹಡಗು ಹತ್ತಿ ಹೋಗಿ ಲೈಪ್‌ಜಿಗ್ ಪಕ್ಕದ ಮಿಲ್ಟಿಟ್ಸ್ ಎಂಬಲ್ಲಿದ್ದ ಶಿಮ್ಮೆಲ್ ಕಂಪನಿಯ ಭಟ್ಟಿಗಳಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದದ್ದೇ ತಡ, ಜರ್ಮನಿ ಶತ್ರುದೇಶವಾಯಿತು, ಹಡಗು ನಿಂತವು. ಗಂಧದ ರಾಶಿ ಕೋಠಿಯಲ್ಲೇ ಉಳಿಯಿತು.

ಹಾಸನದಲ್ಲಿ ಇವತ್ತು ಗಂಧದಕೋಠಿ ಎಂದರೆ ಆಟೋದವರು ಸರ್ಕಾರಿ ಕಾಲೇಜಿನ ಹತ್ತಿರ ತಂದು ಇಳಿಸುತ್ತಾರೆ. ಹೆಸರು ಉಳಿದಿದೆ, ಗಂಧವಿಲ್ಲ. ಒಂದು ಕಾಲಕ್ಕೆ ಸುತ್ತಲಿನ ಸೀಮೆಯ ಗಂಧಕ್ಕೆ ಇಂಥ ಕೋಠಿಗಳೇ ಗಮ್ಯ. ಈ ಸೀಮೆಯ ಭೂಗೋಳ ಗಂಧಕ್ಕೆ ಹೇಳಿ ಮಾಡಿಸಿದಂಥದು. ಅರಕಲಗೂಡು ಅರೆಮಲೆನಾಡು, ಹೊಳೆನರಸೀಪುರ ಹೇಮಾವತಿಯ ದಂಡೆಯ ಊರು, ಹೊಳೆ ಬಿಟ್ಟು ಒಂದೆರಡು ಮೈಲಿ ಆಚೆ ಹೋದರೆ ಒಣ ನೆಲ, ಚನ್ನರಾಯಪಟ್ಟಣ ಪೂರಾ ಬಯಲು. ಸಕಲೇಶಪುರದ ಕಡೆಯ ಮಳೆಗೆ ಗಂಧದ ಮರ ಹುಲುಸಾಗಿ ಬೆಳೆದೀತು, ಆದರೆ ಅಂಥ ಮರದ ಚೇಗಿನಲ್ಲಿ ಎಣ್ಣೆ ಕಮ್ಮಿ. ಕಲ್ಲುನೆಲದಲ್ಲಿ, ಅರೆಹೊಟ್ಟೆ ಮಳೆಯಲ್ಲಿ, ನಿಧಾನಕ್ಕೆ ಬಲಿತ ಮರದಲ್ಲೇ ಪರಿಮಳ ಕಟ್ಟುವುದು. ಅದೂ ಸ್ವಂತ ದುಡಿಮೆಯಿಂದ ಬದುಕುವ ಮರವಲ್ಲ. ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿದ ಕಡೆ ಮೊಳೆತು, ಪಕ್ಕದ ಗಿಡದ ಬೇರಿಗೆ ತನ್ನ ಬೇರಿನಿಂದ ಬಾಯಿ ಹಾಕಿ ನೀರು, ಸಾರ ಹೀರುತ್ತದೆ. ಹಾಗಾಗಿಯೇ ದಟ್ಟ ಕಾಡಿಗಿಂತ ಹೊಲದ ಬೇಲಿ ಅದಕ್ಕೆ ಒಗ್ಗಿದ ಜಾಗ.

ಬೇಲಿ ರೈತನದು, ಮರ ಮಾತ್ರ ಅವನದಲ್ಲ. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಒಡೆಯರು ಬಂದರೂ ಬ್ರಿಟಿಷ್ ಕಮಿಷನರುಗಳು ಬಂದರೂ ಆ ಒಂದು ಕಟ್ಟಳೆಯನ್ನು ಯಾರೂ ಸಡಿಲಿಸಲಿಲ್ಲ. ಯಾರ ಹೊಲದಲ್ಲಿ ಹುಟ್ಟಿದರೂ ಗಂಧ ಸರ್ಕಾರದ್ದು. ಜಮೀನಿನವನಿಗೆ ಮುಂದೆ ಒಂದಿಷ್ಟು ಬೋನಸ್ ಸಿಗುವಂತಾದರೂ ಮರ ಕಳುವಾದರೆ ವಿಚಾರಣೆ ಅವನ ಬಾಗಿಲಿಗೇ ಬರುತ್ತಿತ್ತು. ಬೇಲಿಯಲ್ಲಿ ಗಂಧದ ಸಸಿ ಕಂಡರೆ ಸದ್ದಿಲ್ಲದೆ ಕಿತ್ತೆಸೆಯುವ ಅಭ್ಯಾಸ ಹಳ್ಳಿಗಳಲ್ಲಿ ಬೇರೂರಿದ್ದು ಹೀಗೆ. ಈ ಕಥೆಯ ಕೊನೆಯವರೆಗೂ ಇದು ನೆನಪಿರಲಿ.

ಕೋಠಿಯೊಳಗಿನ ಕೆಲಸ ಅಕ್ಕಸಾಲಿಯ ಕೆಲಸಕ್ಕೆ ಕಡಿಮೆಯದಲ್ಲ. ಮೊದಲು ಹೊರಗಿನ ಬಿಳಿ ಭಾಗವನ್ನು ಬಾಚಿಯಿಂದ ಕೆತ್ತಿ ತೆಗೆಯಬೇಕು, ಅದರಲ್ಲಿ ವಾಸನೆಯಿಲ್ಲ. ಒಳಗಿನ ಕಂದು ಚೇಗನ್ನು ಕೊರಡುಗಳಾಗಿ ಕೊಯ್ದು ವಿಂಗಡಿಸಬೇಕು. ದರ್ಜೆಗಳು ಒಟ್ಟು 18. ಎಲ್ಲಕ್ಕಿಂತ ಮೇಲಿನದು ‘ವಿಲಾಯತ್ ಬುದ್ಧ’: ಬಿರುಕಿಲ್ಲದ ದಪ್ಪ ಕೊರಡು, ಒಂದೊಂದೂ ಸುಮಾರು 9 ಕಿಲೋಗೆ ಕಡಿಮೆ ಇರಬಾರದು, ಟನ್ನಿಗೆ 112 ತುಂಡು ಮೀರಬಾರದು. ‘ಚೈನಾ ಬುದ್ಧ’ದ್ದು ಅದರ ಅರ್ಧ ತೂಕ, ಟನ್ನಿಗೆ 224 ತುಂಡು. ‘ಪಂಜಂ’ ಅದಕ್ಕೂ ಅರ್ಧ, 448. ಆಮೇಲೆ ಬೇರಿನ ದರ್ಜೆಗಳು, ಒಳಗೆ ಪೊಳ್ಳಾದ ತುಂಡುಗಳು, ಚಕ್ಕೆಗಳು. ಕಟ್ಟಕಡೆಗೆ ಬಾಚಿಯ ಏಟಿಗೆ ಸಿಡಿದ ಪುಡಿಚಕ್ಕೆ ‘ಬಸೋಲಾ ಬುಕ್ಣಿ’ ಮತ್ತು ಗರಗಸದ ಹೊಟ್ಟು. ನೆಲ ಗುಡಿಸಿದ ಕಸಕ್ಕೂ ಬೆಲೆ. ಬೇರಿನಲ್ಲಿ ಎಣ್ಣೆ ಎಲ್ಲಕ್ಕಿಂತ ಹೆಚ್ಚಾದ್ದರಿಂದ ಗಂಧದ ಮರವನ್ನು ಕಡಿಯುವುದಿಲ್ಲ, ಅಗೆದು ಕೀಳುತ್ತಾರೆ.

ಇಷ್ಟೆಲ್ಲ ಅಚ್ಚುಕಟ್ಟಾಗಿ ವಿಂಗಡಿಸಿ ಮಾರುತ್ತಿದ್ದ ಸಂಸ್ಥಾನಕ್ಕೆ ಎಣ್ಣೆ ತೆಗೆಯುವ ಯೋಚನೆ ಅಲ್ಲಿಯವರೆಗೆ ಕೈಗೂಡಿರಲಿಲ್ಲ ಎಂಬುದು ಈಗ ಸೋಜಿಗ ಎನಿಸುತ್ತದೆ. ಮರ ಮಾರಿದರೆ ಕೂತಲ್ಲೇ ಹಣ ಬರುತ್ತಿತ್ತು. ಆ ಸುಖಕ್ಕೆ ಜರ್ಮನ್ ರಸಾಯನ ವಿಜ್ಞಾನ ಆಧಾರ ಎಂಬುದು ಹಡಗು ನಿಂತ ಮೇಲೆಯೇ ಅರ್ಥವಾದದ್ದು.

ಆ ಕಾಲದ ಜರ್ಮನಿಗೆ ಇಂಗಾಲದ ಸಂಯುಕ್ತಗಳ ಸಂಶ್ಲೇಷಣೆ ಎಂದರೆ ಕುಲಕಸುಬು. ಕಲ್ಲಿದ್ದಲ ಡಾಂಬರಿನಿಂದ ಬಣ್ಣ, ಬಣ್ಣದಿಂದ ಔಷಧಿ, ಔಷಧಿಯಿಂದ ಸುಗಂಧ ಎಂದು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. 1897ರಲ್ಲಿ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಬಿಹಾರದ ನೀಲಿಯ ಬೆಳೆ ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ಕಾರ್ಖಾನೆಯ ನೀಲಿ ಅಣುಅಣುವಾಗಿ ಗಿಡದ ನೀಲಿಯೇ ಆಗಿತ್ತು, ಬೆಲೆ ಮಾತ್ರ ಕಡಿಮೆ. ಇಂಥವರ ಕಣ್ಣಿಗೆ ಗಂಧ ಬೀಳದೇ ಇರುತ್ತದೆಯೇ? ಶ್ರೀಗಂಧದ ಎಣ್ಣೆಯ ಮುಖ್ಯ ಭಾಗ ಸ್ಯಾಂಟಲಾಲ್ ಎಂಬ ಆಲ್ಕೊಹಾಲ್, ಅದರಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆ ಎಂಬುದು 1900ರ ಹೊತ್ತಿಗೆ ತಿಳಿದಿತ್ತು. ಸೆಮ್ಲರ್ ಎಂಬ ಜರ್ಮನ್ ವಿಜ್ಞಾನಿ ಅದರ ರಚನೆಯ ಬೆನ್ನು ಹತ್ತಿದ್ದ. ಆದರೆ ನೀಲಿಯಂತೆ ಅದು ಸುಲಭಕ್ಕೆ ಬಗ್ಗಲಿಲ್ಲ. ನೀಲಿಯ ಅಣು ಚಪ್ಪಟೆ, ಎರಡು ಸಮ ಭಾಗಗಳ ಜೋಡಣೆ. ಸ್ಯಾಂಟಲಾಲ್‌ನದು 15 ಇಂಗಾಲದ ಪರಮಾಣುಗಳ ಗೋಜಲು: ಒಂದು ಕಡೆ ಪಂಜರದಂಥ ಉಂಗುರಗಳು, ಇನ್ನೊಂದು ಕಡೆ ಉದ್ದನೆಯ ಬಾಲ. ಆ ಬಾಲದಲ್ಲೊಂದು ಜೋಡಿಬಂಧ. ಅದು ಬಾಗಬೇಕಾದ ಕಡೆಗೇ ಬಾಗಿದ್ದರೆ ಪರಿಮಳ, ಇನ್ನೊಂದು ಕಡೆಗೆ ಬಾಗಿದರೆ ಆ ಘಮಲೇ ಇರದು. ಹಾಗಾಗಿ ಜರ್ಮನ್ನರು ಮಾಡಲಾಗದ್ದನ್ನು ಮಾಡಲು ಹೋಗದೆ, ಮರ ಕೊಂಡು ಭಟ್ಟಿ ಇಳಿಸಿಕೊಂಡು ಸುಮ್ಮನಿದ್ದರು.

ಆ ಎಣ್ಣೆಯೆಲ್ಲ ಅತ್ತರಿಗೆ ಹೋಗುತ್ತಿತ್ತು ಎಂದುಕೊಳ್ಳುವುದು ಸಹಜ. ಗಣನೀಯ ಪಾಲು ಹೋಗುತ್ತಿದ್ದದ್ದು ಔಷಧದ ಅಂಗಡಿಗೆ. ಗೊನೋರಿಯಾ ಕಾಯಿಲೆಗೆ ಗಂಧದೆಣ್ಣೆಯ ಗುಳಿಗೆ ನುಂಗುವುದು ಯುರೋಪಿನಲ್ಲಿ ಆಗ ಮಾಮೂಲಿ ಚಿಕಿತ್ಸೆ. ಪ್ಯಾರಿಸ್ಸಿನ ‘ಸಾಂತಾಲ್ ಮಿಡಿ’ ಗುಳಿಗೆ ಹೆಸರುವಾಸಿ. ಅರಕಲಗೂಡಿನ ಯಾವುದೋ ಬೇಲಿಯ ಮರ ಪ್ಯಾರಿಸ್ಸಿನ ಯಾರದೋ ಗುಟ್ಟಿನ ಕಾಯಿಲೆಗೆ ಮದ್ದಾಗಿರಬಹುದು ಎಂಬುದನ್ನು ನೆನೆದರೆ ನಗು ಬರುತ್ತದೆ. ಗಂಧ ಅರೆದು ದೇವರಿಗೆ ಹಚ್ಚುವ ನಮ್ಮವರಿಗೆ ಇದು ಗೊತ್ತಿದ್ದರೆ ಏನೆನ್ನುತ್ತಿದ್ದರೋ.

ಯುದ್ಧ ಬಂದಾಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯನವರು, ಕೈಗಾರಿಕೆಯ ಉಸ್ತುವಾರಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷರದು. ಮದರಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆಯ ಉದ್ದಿಮೆ ಬೆಳೆಸಿದ ಅನುಭವಿ ಅವರು. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆ ಪಾಠ ಶುರುಮಾಡಿ ಮೂರೇ ವರ್ಷವಾಗಿತ್ತು. ಅಲ್ಲಿ ಸಾವಯವ ರಸಾಯನದ ಪ್ರಾಧ್ಯಾಪಕ ಜೆ.ಜೆ. ಸಡ್‌ಬರೊ. ಜತೆಗೆ ಎಚ್.ಇ. ವಾಟ್ಸನ್, ಲಂಡನ್ನಿನಲ್ಲಿ ರಸಾಯನ ವಿಜ್ಞಾನಿ ರಾಮ್ಸೆಯವರ ಬಳಿ ಪಳಗಿದವರು. ಚಾಟರ್ಟನ್ ಗಂಧದ ಪ್ರಶ್ನೆಯನ್ನು ಇವರ ಮುಂದಿಟ್ಟರು. ಪ್ರಯೋಗಾಲಯದ ಭಟ್ಟಿಯಲ್ಲಿ ಮೊದಲ ಎಣ್ಣೆ ಇಳಿಯಿತು.

ಕೇಳಲಿಕ್ಕೆ ಸಲೀಸು. ಚೇಗನ್ನು ಪುಡಿ ಮಾಡಿ, ತಾಮ್ರದ ಭಟ್ಟಿಗೆ ತುಂಬಿ, ಕೆಳಗಿನಿಂದ ಹಬೆ ಹಾಯಿಸಿದರೆ ಎಣ್ಣೆ ಹಬೆಯ ಜತೆ ಮೇಲೇರಿ, ತಣಿಸಿದ ಮೇಲೆ ನೀರಿನಿಂದ ಬೇರೆಯಾಗುತ್ತದೆ. ಆದರೆ ಗುಲಾಬಿ ಎಣ್ಣೆ ಬಿಟ್ಟಂತೆ ಗಂಧ ತನ್ನ ಎಣ್ಣೆಯನ್ನು ಬಿಡುವುದಿಲ್ಲ. ಸ್ಯಾಂಟಲಾಲ್ ಭಾರವಾದ ಅಣು, ಕುದಿಯುವ ಬಿಂದು ಎತ್ತರ; ಒಂದು ಭಟ್ಟಿ ಮುಗಿಯಲು ಹಗಲು ರಾತ್ರಿ ಎನ್ನದೆ ದಿನಗಟ್ಟಲೆ ಹಬೆ ಕೊಡಬೇಕು. ನೂರು ಕಿಲೋ ಒಳ್ಳೆ ಪುಡಿಗೆ ನಾಲ್ಕೈದು ಕಿಲೋ ಎಣ್ಣೆ ಸಿಕ್ಕರೆ ಭಾಗ್ಯ. ಆತುರಪಟ್ಟು ಉರಿ ಹೆಚ್ಚಿಸಿದರೆ ಸೀದ ವಾಸನೆ. ಬೇಗ ನಿಲ್ಲಿಸಿದರೆ ಸ್ಯಾಂಟಲಾಲ್ ಇನ್ನೂ ಪುಡಿಯಲ್ಲೇ. ಲಂಡನ್ನಿನ ಔಷಧ ವರ್ತಕರು ನೂರಕ್ಕೆ 90ರಷ್ಟು ಸ್ಯಾಂಟಲಾಲ್ ಇರಬೇಕೆಂದು ಕೇಳುವವರು. ಅದನ್ನು ಮುಟ್ಟಿಸಿದ್ದು ಸಡ್‌ಬರೊ, ವಾಟ್ಸನ್ ಅವರ ಲೆಕ್ಕಾಚಾರ. 1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಕಾರ್ಖಾನೆ, ಅದರ ಬೆನ್ನಲ್ಲೇ ಮೈಸೂರಿನಲ್ಲಿ ದೊಡ್ಡದು ಎದ್ದಿತು. ಅಲ್ಲಿಂದಾಚೆಗೆ ಹಾಸನ ಸೀಮೆಯ ಗಂಧ ಮಿಲ್ಟಿಟ್ಸ್‌ಗೆ ಹೋಗುವ ಬದಲು ಮೈಸೂರಿಗೆ ಹೋಗತೊಡಗಿತು.

ಸಾಬೂನಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 1918ರಲ್ಲಿ ವಿದೇಶಿ ಅತಿಥಿಗಳು ನಮ್ಮದೇ ಗಂಧದೆಣ್ಣೆಯಿಂದ ಮಾಡಿದ ಸಾಬೂನು ತಂದು ಮಹಾರಾಜರಿಗೆ ಕೊಟ್ಟರು, ಮಹಾರಾಜರು ನಾವೇ ಯಾಕೆ ಮಾಡಬಾರದು ಎಂದರು, ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರು ಮಾಡಿ ತೋರಿಸಿದರು. ಶರಭದ ಮುದ್ರೆಯ ಮೈಸೂರು ಸ್ಯಾಂಡಲ್ ಹುಟ್ಟಿದ್ದು ಹೀಗೆ. ಆ ಕಥೆಯ ಮೆರುಗಿನಲ್ಲಿ ಸಡ್‌ಬರೊ, ವಾಟ್ಸನ್ ಹೆಸರು ಮರೆಯಾಗಿಬಿಟ್ಟಿರುವುದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಎಣ್ಣೆ ಇಳಿಯದೆ ಸಾಬೂನು ಎಲ್ಲಿಂದ ಬರಬೇಕಿತ್ತು?

ಯುದ್ಧ ಮುಗಿದ ಮೇಲೆ ಸಂಶ್ಲೇಷಣೆಯ ಮೊದಲ ಏಟು ಗಂಧಕ್ಕೆ ಬಿತ್ತು, ಅದೂ ಯಾರೂ ಕಾಯದ ದಿಕ್ಕಿನಿಂದ. 1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್, ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣ ಸೋಂಕನ್ನು ಕೊಲ್ಲುತ್ತದೆ ಎಂದು ಪ್ರಕಟಿಸಿದ. ಗುಣ ಕೆಂಪು ಬಣ್ಣದ್ದಲ್ಲ, ಅದರೊಳಗಿನ ಸಲ್ಫನಿಲಮೈಡ್ ಎಂಬ ಸಣ್ಣ ತುಣುಕಿನದು ಎಂದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ತೋರಿಸಿದರು. ಎರಡು ಮೂರು ವರ್ಷದಲ್ಲಿ ಗೊನೋರಿಯಾಕ್ಕೆ ಸಲ್ಫಾ ಮಾತ್ರೆ ಬಂತು, ಆಮೇಲೆ ಪೆನಿಸಿಲಿನ್ ಬಂತು. ಗಂಧದೆಣ್ಣೆಯ ಗುಳಿಗೆ ಔಷಧ ಪಟ್ಟಿಗಳಿಂದ ಜಾರಿತು. ಗಂಧವನ್ನು ಅನುಕರಿಸಿದ ಅಣುವಲ್ಲ, ಗಂಧದ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಿದ ಅಣು ಅದರ ಒಂದು ಮಾರುಕಟ್ಟೆಯನ್ನು ಕಿತ್ತುಕೊಂಡಿತು. ಉಳಿದದ್ದು ಸುಗಂಧದ ಮಾರುಕಟ್ಟೆ, ಅದು ಸಣ್ಣದೇನಲ್ಲ. 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ ಶುರುವಾಯಿತು.

ಮರಕ್ಕೆ ಬೇರೆ ಕಂಟಕವೂ ಇತ್ತು. ಎಲೆ ಸಣ್ಣಗಾಗಿ, ಕೊಂಬೆ ಮುಳ್ಳಿನಂತೆ ನೆಟ್ಟಗೆ ನಿಂತು, ಒಂದೆರಡು ವರ್ಷದಲ್ಲಿ ಮರ ಸಾಯುವ ಸ್ಪೈಕ್ ರೋಗ 19ನೇ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಕಂಡು ಮೈಸೂರು ಸೀಮೆಗೂ ಹಬ್ಬಿತು. ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1917ರಲ್ಲೇ ಅದರ ಬಗ್ಗೆ ಬರೆದರು. ವಿಜ್ಞಾನ ಸಂಸ್ಥೆಯ ಎಂ. ಶ್ರೀನಿವಾಸಯ್ಯ ವರ್ಷಗಟ್ಟಲೆ ಅದನ್ನು ಬೆನ್ನಟ್ಟಿದರು. ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಎಂದು ತಿಳಿಯುವ ಹೊತ್ತಿಗೆ 1969 ಬಂದಿತ್ತು. ಮದ್ದು ಇವತ್ತಿಗೂ ಕೈಗೆಟುಕಿಲ್ಲ.

ಈ ನಡುವೆ ಅಣುವಿನ ಬೇಟೆ ಬೆಂಗಳೂರಿಗೂ ಬಂದಿತ್ತು. ಸಡ್‌ಬರೊ ನಂತರ 1925ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದ ಜೆ.ಎಲ್. ಸೈಮನ್‌ಸೆನ್ ಟರ್ಪೀನ್‌ಗಳ ದೊಡ್ಡ ಪಂಡಿತರು. ಗಿಡಮರಗಳ ಸುವಾಸನೆಯ ಎಣ್ಣೆಗಳಲ್ಲಿರುವ ಈ ಕುಟುಂಬಕ್ಕೆ ಸ್ಯಾಂಟಲಾಲ್ ಕೂಡ ಸೇರಿದ್ದು. ಹಿಮಾಲಯದ ಚಿರ್ ಪೈನ್ ಮರದ ಟರ್ಪೆಂಟೈನ್‌ನಲ್ಲಿ ಲಾಂಗಿಫೋಲೀನ್ ಎಂಬ ಅಣುವನ್ನು ಅವರು 1920ರಲ್ಲಿ ಕಂಡುಕೊಂಡಿದ್ದರು. ಅವರ ನಂತರ ಪಿ.ಸಿ. ಗುಹಾ ಆ ಪರಂಪರೆ ಮುಂದುವರಿಸಿದರು. ಗುಹಾ ಅವರ ವಿಭಾಗದಲ್ಲಿ ಬೆಳೆದ ಸುಖ್ ದೇವ್ ಅದೇ ಲಾಂಗಿಫೋಲೀನ್ ಹಿಡಿದು ಹೆಸರು ಮಾಡಿದರು. ಅತ್ತ ಅಮೆರಿಕದಲ್ಲಿ ಇ.ಜೆ. ಕೋರಿ ಎಂಬ ತರುಣ ಪ್ರಾಧ್ಯಾಪಕ 1957ರಲ್ಲಿ, ಸಂಶ್ಲೇಷಣೆಯನ್ನು ತುದಿಯಿಂದ ಬುಡಕ್ಕೆ ಯೋಚಿಸಬೇಕು ಎಂಬ ವಿಚಾರಕ್ಕೆ ಬಂದ. ಬೇಕಾದ ಅಣುವನ್ನು ಮನಸ್ಸಿನಲ್ಲೇ ಒಂದೊಂದು ಬಂಧ ಕಡಿದು ಬಿಡಿಸುತ್ತ ಹೋಗುವುದು, ಅಂಗಡಿಯಲ್ಲಿ ಸಿಗುವ ಸಾಮಾನಿಗೆ ಬಂದು ಮುಟ್ಟಿದಾಗ ನಿಲ್ಲಿಸುವುದು, ಆಮೇಲೆ ಅದೇ ಹಾದಿಯಲ್ಲಿ ಮುಂದಕ್ಕೆ ಕಟ್ಟುತ್ತ ಬರುವುದು. ಈ ಕ್ರಮವನ್ನು ಅವನು ಒರೆಗೆ ಹಚ್ಚಿದ ಅಣುಗಳಲ್ಲಿ ಸೈಮನ್‌ಸೆನ್ನರ ಲಾಂಗಿಫೋಲೀನ್ ಮುಖ್ಯವಾದದ್ದು. ಗಂಧದೆಣ್ಣೆಯ ಇನ್ನೊಂದು ಘಟಕವಾದ ಆಲ್ಫಾ ಸ್ಯಾಂಟಲೀನನ್ನು ಅವನ ಗುಂಪು 1957ರಲ್ಲೇ ಕಟ್ಟಿತ್ತು. 1970ರಲ್ಲಿ ಆಲ್ಫಾ ಸ್ಯಾಂಟಲಾಲ್ ಕೂಡ ತಯಾರಾಯಿತು, ಬಾಲದ ಜೋಡಿಬಂಧ ಬಾಗಬೇಕಾದ ಕಡೆಗೇ ಬಾಗುವಂತೆ. 1990ರಲ್ಲಿ ಕೋರಿಗೆ ನೊಬೆಲ್ ಬಂತು.

ಹಾಗಾದರೆ ಬಿಹಾರದ ನೀಲಿಗೆ ಆದದ್ದು ಗಂಧಕ್ಕೂ ಆಯಿತೇ? ಆಗಲಿಲ್ಲ. ಹಲವು ಹಂತದ ಆ ಸಂಶ್ಲೇಷಣೆ ವಿದ್ಯೆಯ ಗೆಲುವು, ವ್ಯಾಪಾರದ್ದಲ್ಲ. ಮರ ಮಾಡುವಷ್ಟು ಅಗ್ಗವಾಗಿ ಯಾವ ಕಾರ್ಖಾನೆಗೂ ಸ್ಯಾಂಟಲಾಲ್ ಮಾಡಲಾಗಲಿಲ್ಲ. ಸುಗಂಧದ ಕಂಪನಿಗಳು ಬೇರೆ ಉಪಾಯ ಹುಡುಕಿದವು. ಮೂಗಿಗೆ ಸ್ಯಾಂಟಲಾಲೇ ಬೇಕೆಂದಿಲ್ಲವಲ್ಲ, ಹಾಗೆ ಅನಿಸುವಂಥದ್ದಾದರೆ ಸಾಕು. ಪೈನ್ ಮರದ ಟರ್ಪೆಂಟೈನ್‌ನಲ್ಲಿ ಬೇಕಾದಷ್ಟು ಸಿಗುವ ಪೈನೀನನ್ನು ಕ್ಯಾಂಫೊಲೆನಿಕ್ ಆಲ್ಡಿಹೈಡ್ ಆಗಿ ಬದಲಿಸಿ, ಅದಕ್ಕೊಂದು ಸಾಮಾನ್ಯ ಕೀಟೋನನ್ನು ಬೆಸೆದು, ಹೈಡ್ರೊಜನ್ ಸೇರಿಸಿದರೆ ಗಂಧದ ಘಮಲಿನ ಆಲ್ಕೊಹಾಲ್ ಸಿದ್ಧ. ಸ್ವಿಟ್ಜರ್‌ಲೆಂಡಿನ ಜಿವೊಡಾನ್ ಇಂಥದ್ದನ್ನು ಸ್ಯಾಂಡಲೋರ್ ಎಂದು ಮಾರಿತು, ಫಿರ್ಮೆನಿಶ್ ಪಾಲಿಸಾಂಟಾಲ್ ಎಂದು. ಆಮೇಲೆ ಬಂದ ಜವನಾಲ್ ಎಷ್ಟು ಗಾಢವೆಂದರೆ ಗಾಳಿಯಲ್ಲಿ ಎಳ್ಳಷ್ಟಿದ್ದರೂ ಮೂಗಿಗೆ ಸಿಗುತ್ತದೆ. 1989ರಲ್ಲಿ ಪ್ಯಾರಿಸ್ಸಿನ ಗೆರ್ಲೆನ್ ಹೊರತಂದ ‘ಸಂಸಾರ’ ಅತ್ತರಿನಲ್ಲಿ ಮೈಸೂರು ಗಂಧದೆಣ್ಣೆಯೂ ಪಾಲಿಸಾಂಟಾಲೂ ಜತೆಯಲ್ಲೇ ಇದ್ದವು. ನಮ್ಮ ಪೇಟೆಯ ಅಗ್ಗದ ಊದುಬತ್ತಿಯ ಪೊಟ್ಟಣದ ಮೇಲೆ ಶ್ರೀಗಂಧದ ಚಿತ್ರವಿದ್ದರೂ ಒಳಗೆ ಇಂಥ ಅಣುಗಳೇ ಇರಬೇಕು. ಕಿಲೋಗೆ ಲಕ್ಷಗಟ್ಟಲೆ ಬಾಳುವ ಎಣ್ಣೆಯನ್ನು ಹತ್ತು ರೂಪಾಯಿಯ ಪೊಟ್ಟಣಕ್ಕೆ ಯಾರೂ ಸುರಿಯುವುದಿಲ್ಲ.

ಇಲ್ಲಿ ಒಂದು ತಪ್ಪು ಲೆಕ್ಕ ರೂಢಿಯಲ್ಲಿದೆ. ಕೃತಕ ಗಂಧ ಬಂದು ನಮ್ಮ ಗಂಧವನ್ನು ಕೊಂದಿತು ಎನ್ನುತ್ತಾರೆ. ನನ್ನ ಲೆಕ್ಕ ತಿರುಗಾಮುರುಗಾ. ಒಂದು ಕಾಲಕ್ಕೆ ವರ್ಷಕ್ಕೆ ಸಾವಿರಾರು ಟನ್ ಇದ್ದ ದೇಶದ ಗಂಧದ ಉತ್ಪಾದನೆ ನೂರಾರಕ್ಕೆ ಇಳಿದಾಗಲೂ ಕೊಳ್ಳುವವರ ಸಾಲು ಕರಗಿರಲಿಲ್ಲ, ಬೆಲೆ ಏರುತ್ತಲೇ ಇತ್ತು. ಮರವೇ ಇರಲಿಲ್ಲ. ಸ್ಪೈಕ್ ಒಂದಷ್ಟು ತಿಂದಿತು, ಕಳ್ಳರು ಒಂದಷ್ಟು ಹೊತ್ತರು. ವೀರಪ್ಪನ್ ಹೆಸರು ಮಾತ್ರ ಪತ್ರಿಕೆಗೆ ಬಂತು, ರಾತ್ರೋರಾತ್ರಿ ಬೇಲಿಯ ಒಂದೆರಡು ಮರ ಕೊಯ್ದು ಮಾರಿದವರು ಎಲ್ಲ ತಾಲ್ಲೂಕಿನಲ್ಲೂ ಇದ್ದರು. ಆದರೆ ಹೊಸ ಮರ ಏಳದಂತೆ ತಡೆದದ್ದು 1792ರ ಆ ಕಟ್ಟಳೆ. ತನ್ನದಲ್ಲದ ಮರವನ್ನು ಮೂವತ್ತು ವರ್ಷ ಕಾದು ಬೆಳೆಸುವ ರೈತ ಯಾವ ಊರಿನಲ್ಲಿದ್ದಾನೆ? ಮರ ಕೈಕೊಟ್ಟ ಜಾಗಕ್ಕೆ ಸ್ಯಾಂಡಲೋರ್ ಬಂದು ಕೂತಿತು, ಅಷ್ಟೇ.

ಸರ್ಕಾರ ಆ ಕಟ್ಟಳೆಯನ್ನು ಬಿಟ್ಟದ್ದು 2001ರಲ್ಲಿ, ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು. ಜಮೀನು ಯಾರದೋ ಗಂಧವೂ ಅವರದೇ ಎಂದಾಯಿತು, ಮಾರುವುದು ಮಾತ್ರ ಆಗ ಅರಣ್ಯ ಇಲಾಖೆಯ ಡಿಪೊ ಅಥವಾ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕಿತ್ತು. 1980ರಲ್ಲಿ ಸರ್ಕಾರಿ ಕಂಪನಿಯಾದ ಸಾಬೂನು ಕಾರ್ಖಾನೆ, ಅಂದರೆ ಕೆಎಸ್‌ಡಿಎಲ್, ಆ ಹೊತ್ತಿಗೆ ಎಣ್ಣೆಗೆ ಪರದಾಡುತ್ತಿತ್ತು. ನಾವು ಇಲ್ಲಿ ತಿದ್ದುಪಡಿ ಬರೆಯುವ ಮುಂಚೆಯೇ, 1999ರಿಂದ, ಭಾರತದಿಂದ ಹೋದ ಗಂಧದ ತಳಿಯನ್ನು ಪಶ್ಚಿಮ ಆಸ್ಟ್ರೇಲಿಯದ ಆರ್ಡ್ ನದಿಯ ನೀರಾವರಿಯಲ್ಲಿ ಕಂಪನಿಗಳು ಸಾವಿರಾರು ಎಕರೆಗೆ ಹಬ್ಬಿಸುತ್ತಿದ್ದವು. ಅವರಿಗೂ ಅದು ಪೂರ್ತಿ ಸಿಹಿಯಾಗಲಿಲ್ಲ. ಅಲ್ಲಿನ ದೊಡ್ಡ ಕಂಪನಿ ಕ್ವಿಂಟಿಸ್ 2018ರಲ್ಲಿ ಸಾಲದಲ್ಲಿ ಮುಳುಗಿ ಆಡಳಿತಗಾರರ ಕೈಗೆ ಹೋಯಿತು.

ಈಗ ಚನ್ನರಾಯಪಟ್ಟಣ, ಹೊಳೆನರಸೀಪುರದಂಥ ಕಡೆ ತೋಟದಲ್ಲಿ ಗಂಧ ಇಡುವವರಿದ್ದಾರೆ. ಸಸಿಯ ಪಕ್ಕ ಮೊದಲ ವರ್ಷ ತೊಗರಿ, ಆಮೇಲೆ ಬೇರು ಬಿಟ್ಟು ಹೀರಲು ಹೊನ್ನೆಯೋ ಸರ್ವೆಯೋ ಇಡಬೇಕೆಂದು ನರ್ಸರಿಯವರು ಹೇಳಿಕೊಡುತ್ತಾರೆ. ಬುಡ ದಪ್ಪವಾಗುತ್ತಿದ್ದಂತೆ ತಂತಿ ಬೇಲಿ, ನಾಯಿ, ಕ್ಯಾಮೆರಾ ಎಂದು ಖರ್ಚು ಶುರು. ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಮರಕ್ಕೆ ಗರಗಸ ತಾಗಿದರೆ ಸುದ್ದಿ ಮುಟ್ಟಿಸುವ ಚಿಪ್ ಕೂಡ ಮಾಡಿಸಿದೆ. ತಿದ್ದುಪಡಿಯ ಮರುವರ್ಷವೇ ನೆಟ್ಟವರ ಮರಗಳು ಈಗಷ್ಟೇ ಚೇಗು ಕಟ್ಟಿ ಬಲಿಯುತ್ತಿವೆ. ಅಷ್ಟರಲ್ಲಿ ಹೊಸ ಪೈಪೋಟಿ ಬಂದಿದೆ. ಗಂಧದ ಮರದಲ್ಲಿ ಸ್ಯಾಂಟಲೀನ್ ತಯಾರಿಸುವ ವಂಶವಾಹಿಗಳನ್ನು 2011ರ ಹೊತ್ತಿಗೆ ವಿಜ್ಞಾನಿಗಳು ಗುರುತಿಸಿದರು. ಅಂಥ ವಂಶವಾಹಿಯನ್ನು ಬ್ಯಾಕ್ಟೀರಿಯಾಕ್ಕೆ ಕೊಟ್ಟು, ಪಿಷ್ಟದ ಸಕ್ಕರೆ ಉಣಿಸಿ, ತೊಟ್ಟಿಯಲ್ಲಿ ಹುದುಗಿಸಿದರೆ ಅದೇ ಸ್ಯಾಂಟಲಾಲ್ ಬರುತ್ತದೆ. ಬಾಲದ ಬಾಗನ್ನು ಕಿಣ್ವಗಳೇ ನೋಡಿಕೊಳ್ಳುತ್ತವೆ, ಕೋರಿಯ ಕಷ್ಟ ಅವಕ್ಕಿಲ್ಲ. 2020ರಲ್ಲಿ ಇದನ್ನು ವ್ಯಾಪಾರಕ್ಕೆ ಬಿಟ್ಟ ಕಂಪನಿ ಬಿಎಎಸ್‌ಎಫ್, 1897ರ ನೀಲಿಯ ಬಿಎಎಸ್‌ಎಫ್. ಮರದ ಎಣ್ಣೆಯಲ್ಲಿ ಸ್ಯಾಂಟಲಾಲ್ ಜತೆ ಇನ್ನೂ ಹತ್ತಾರು ಘಟಕಗಳಿರುತ್ತವೆ, ಅವೆಲ್ಲ ತೊಟ್ಟಿಯಲ್ಲಿ ಬರುವುದಿಲ್ಲ ಎಂಬುದು ಸದ್ಯಕ್ಕೆ ನಮ್ಮ ಕಡೆಯ ಬೆಳೆಗಾರನಿಗಿರುವ ಆಸರೆ. ಅಷ್ಟರ ಮೇಲೆ ನಂಬಿಕೆಯಿಟ್ಟು ಅವನು ಕಾಯುತ್ತಿದ್ದಾನೆ, ಮರ ಮಾಗಲು ಇನ್ನೂ ಐದಾರು ಮಳೆಗಾಲ ಬೇಕು.